ಸೇಬಿನ ತೋಟದಲ್ಲಿ ಮುಯ್ಯಾಳು

ನನ್ನನ್ನು ನಾನೇ ಹುಡುಕಿಕೊಂಡು ಬರುತ್ತೇನೆ ಎಂದು ಅವ್ವನಿಗೆ ಹೇಳಿದಾಗ ಅವಳು ಅಂಗಳದಲ್ಲಿ ಕೂತು ಹುರುಳಿ ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ. "ನೀನ್ಯಾರು ಅಂತ ನನ್ನ ಕೇಳಿದ್ರೆ ನಾನೇ ಯೋಳ್ತಿದ್ನಲ್ಲಲಾ. ರೈಲು ಚಾರ್ಜಾದ್ರೂ ಉಳೀತಿತ್ತು" ಎಂದಳು.

ನನ್ನ ಹೆಸರು ತೇಜಸ್. ಊರು ಹಂಪಾಪುರದ ಮಗ್ಗುಲಲ್ಲಿ. ಹುಣಸೂರಿನ ಹಾಸ್ಟೆಲಿನಲ್ಲಿದ್ದು ಬಿ.ಕಾಂ. ಮುಗಿಸಿದೆ. ಆಮೇಲೆ ಮೈಸೂರಿನ ಟೈರ್ ಅಂಗಡಿಯೊಂದರಲ್ಲಿ ಸ್ವಲ್ಪ ಕಾಲ, ಕೆ.ಆರ್. ನಗರದ ಮೊಬೈಲ್ ಅಂಗಡಿಯಲ್ಲಿ ಇನ್ನೂ ಸ್ವಲ್ಪ ಕಾಲ ಇದ್ದೆ. ಎರಡನ್ನೂ ಬಿಟ್ಟಿದ್ದಕ್ಕೆ ನನ್ನ ಬಳಿ ಭಾರೀ ಕಾರಣಗಳಿದ್ದವು. ಕೇಳುವವರು ಮಾತ್ರ ಇರಲಿಲ್ಲ. ಟೈರ್ ಅಂಗಡಿಯಲ್ಲಿದ್ದಾಗ ಒಂದು ವಿಡಿಯೋ ನೋಡಿದ್ದೆ. ಗಡ್ಡದ ಹುಡುಗನೊಬ್ಬ ಹಿಮದ ಬೆಟ್ಟದ ಮೇಲೆ ಚಹಾ ಕುಡಿಯುತ್ತಾ, ವಯಸ್ಸಿದ್ದಾಗ ಒಂಟಿಯಾಗಿ ಹೊರಡದವನಿಗೆ ತಾನು ಯಾರೆಂಬುದು ಕೊನೆತನಕ ಗೊತ್ತಾಗುವುದಿಲ್ಲ ಎನ್ನುತ್ತಿದ್ದ. ಟ್ರ್ಯಾಕ್ಟರ್ ಟೈರಿನ ಮೇಲೆ ಕೂತು ನೋಡಿದ ನನಗೆ ಅದು ನನಗೇ ಹೇಳಿದ ಹಾಗೆ ಕೇಳಿಸಿತು. ಅಂದಿನಿಂದ ಗಡ್ಡ ಬಿಟ್ಟೆ. ಅದು ಗಲ್ಲದ ಕೆಳಗೆ ಮಾತ್ರ ಬಂತು.

ಆದರೆ ಇದು ಬರೀ ಶೋಕಿಯಾಗಿರಲಿಲ್ಲ. ಮನೆಯಲ್ಲಿ ಒಂದು ಪ್ರಶ್ನೆ ಉತ್ತರಕ್ಕಾಗಿ ಕಾದಿತ್ತು. ಅಪ್ಪ ನಾನು ಶಾಲೆಯಲ್ಲಿದ್ದಾಗಲೇ ತೀರಿಹೋಗಿ, ಹೊಲವನ್ನು ಅವ್ವ ಪುಟ್ಟತಾಯಮ್ಮ ಒಬ್ಬಳೇ ನೋಡಿಕೊಂಡಿದ್ದಳು. ಈಗ ಅವಳಿಗೆ ಮಂಡಿನೋವು. ನಮ್ಮ ಬೋರ್‌ವೆಲ್ ನೋಡಿ ವಯನಾಡಿನ ಕಡೆಯ ಒಬ್ಬರು ಶುಂಠಿ ಬೆಳೆಯಲು ಹೊಲವನ್ನು ಗುತ್ತಿಗೆಗೆ ಕೇಳಿದ್ದರು. ನಮ್ಮ ಸುತ್ತಮುತ್ತ ಎಷ್ಟೋ ಹೊಲಗಳು ಹಾಗೆ ಶುಂಠಿಗೆ ಹೋಗಿವೆ. ಆಮೇಲೆ ಆ ಮಣ್ಣು ಮೊದಲಿನಂತಾಗಲು ವರ್ಷಗಳೇ ಬೇಕು. ದೀಪಾವಳಿ ಕಳೆದ ಮೇಲೆ ಬನ್ನಿ ಎಂದು ಅವ್ವ ಅವರನ್ನು ಕಳಿಸಿದ್ದಳು. ನಾನು ಉಳುತ್ತೇನೆಂದರೆ ಹೊಲ ಉಳಿಯುತ್ತಿತ್ತು, ಇಲ್ಲವೆಂದರೆ ಶುಂಠಿಗೆ ಹೋಗುತ್ತಿತ್ತು. ಉಳುತ್ತೇನೆ ಎನ್ನಲೂ ಧೈರ್ಯವಿಲ್ಲ, ಒಲ್ಲೆ ಎನ್ನಲೂ ಬಾಯಿಲ್ಲ. ಇಂಥ ಸಂಕಟದಲ್ಲಿ ಹಿಮಾಲಯ ಬಹಳ ಅನುಕೂಲವಾದ ಜಾಗ.

ರಾಗಿಗೆ ಕುಂಟೆ ಹೊಡೆದು ಮುಗಿಸಿ, ಬೆನ್ನಿಗೆ ನನ್ನಷ್ಟೇ ಎತ್ತರದ ಬ್ಯಾಗು ಹಾಕಿಕೊಂಡು ಬಸ್ಸಿಗೆ ನಿಂತೆ. ಪಕ್ಕದ ಹೊಲದ ನಂಜಣ್ಣ ವಿಷಯ ತಿಳಿದುಕೊಂಡು, ಹಂಪಾಪುರದಲ್ಲಿ ಕಳೆದುಹೋಗಿದ್ದನ್ನು ಅಷ್ಟು ದೂರ ಹೋಗಿ ಯಾಕೆ ಹುಡುಕಬೇಕು ಎಂದು ನಿಜವಾಗಿಯೂ ಅರ್ಥವಾಗದೆ ಕೇಳಿದ. ನಾನು ಸಣ್ಣಗೆ ನಕ್ಕೆ. ಬಸ್ಸು ಹತ್ತುವಾಗ ಬ್ಯಾಗು ಬಾಗಿಲಿಗೆ ಸಿಕ್ಕಿಕೊಂಡು, ಅದೇ ನಂಜಣ್ಣ ಹಿಂದಿನಿಂದ ದಬ್ಬಿ ಒಳಗೆ ಹಾಕಬೇಕಾಯಿತು.

ಶಿಮ್ಲಾ ದಾಟಿ ಇನ್ನೂ ಮೇಲಿನ ಊರೊಂದರಲ್ಲಿ ಒಳ್ಳೆಯ ಬಂಡೆ ಹುಡುಕಿ ಕೂತೆ. ಪಕ್ಕದ ಬಂಡೆಯ ಮೇಲೆ ಪುಣೆಯ ಹುಡುಗಿಯೊಬ್ಬಳು ಕಣ್ಣುಮುಚ್ಚಿ ಅಳುತ್ತಿದ್ದಳು. ಅವಳಿಗೆ ಅವಳು ಸಿಕ್ಕಿಬಿಟ್ಟಿರಬೇಕು. ನಾನೂ ಕಣ್ಣು ಮುಚ್ಚಿದೆ. ಮೊದಲು ಹೊಟ್ಟೆ ಹಸಿಯಿತು. ಆಮೇಲೆ ಬಸ್ಸಾರು ನೆನಪಾಯಿತು. ಆಮೇಲೆ ನಮ್ಮ ಹೊಲದ ಬದುವಿನಲ್ಲಿ ಹಂದಿ ನುಗ್ಗುವ ಸಂದಿಗೆ ಮುಳ್ಳು ಹಾಕದೆ ಬಂದದ್ದು ನೆನಪಾಗಿ ಕಣ್ಣು ಬಿಟ್ಟೆ. ಎಷ್ಟು ದಿನ ಕೂತರೂ ಅಷ್ಟೇ. ಒಳಗೆ ಇಳಿದಷ್ಟೂ ಮುಳ್ಳು, ಹಂದಿ, ಬಸ್ಸಾರು. ಇಷ್ಟು ದೂರ ಬಂದು ಇದೇ ಸಿಗುವುದಾದರೆ ನಾನು ಸಿಗದಿದ್ದರೇ ಚೆನ್ನಾಗಿತ್ತು ಎನಿಸಿತು.

ಬೇಸರಕ್ಕೆ ನಡೆಯುತ್ತಾ ಹೋದವನು ಒಂದು ಸೇಬಿನ ತೋಟದ ಬೇಲಿಗೆ ಬಂದು ನಿಂತೆ. ಮರಗಳು ಹಣ್ಣಿನ ಭಾರಕ್ಕೆ ಬಾಗಿದ್ದವು. ಕೆಳಗೆ ಅರವತ್ತು ದಾಟಿದ ಹೆಂಗಸೊಬ್ಬರು ಮಗನ ಮೇಲೆ ರೇಗುತ್ತಿದ್ದರು. ಬರುತ್ತೇವೆಂದ ಆಳುಗಳು ಕೈಕೊಟ್ಟಿದ್ದರು, ಲಾರಿ ಬರುವ ಹೊತ್ತಾಗಿತ್ತು. ಅವರೇ ಬಿಮಲಾದೇವಿ. ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ ನನ್ನನ್ನು ಕಂಡು, ಯಾರು ಏನು ಎಂದು ಕೇಳದೆ ಕೈಗೊಂದು ಬುಟ್ಟಿ ಕೊಟ್ಟರು. ಊರು ಬಿಟ್ಟ ಮೇಲೆ ನಾನು ಯಾರೆಂದು ಕೇಳದವರು ಅವರೊಬ್ಬರೇ.

ಮೊದಲ ಹಣ್ಣನ್ನು ಜಗ್ಗಿ ಕೊಂಬೆಯನ್ನೇ ಮುರಿದೆ. ಅವರು ನನ್ನ ಮಣಿಕಟ್ಟು ಹಿಡಿದು, ತೊಟ್ಟು ಹಣ್ಣಿನಲ್ಲೇ ಉಳಿಯುವಂತೆ ಮೆಲ್ಲಗೆ ತಿರುಗಿಸಿ ಎತ್ತುವುದನ್ನು ತೋರಿಸಿದರು. ಸಂಜೆಗೆ ಲಾರಿ ತುಂಬಿತು. ಬಿಸಿ ರೊಟ್ಟಿ, ರಾಜ್ಮಾ ಹಾಕಿದರು. ಖಾಲಿ ಪೆಟ್ಟಿಗೆಗಳ ಕೋಣೆಯಲ್ಲಿ ಮಲಗಿದವನಿಗೆ, ಮನೆ ಬಿಟ್ಟ ಮೇಲೆ ಮೊದಲ ಸಲ ಒಳ್ಳೆಯ ನಿದ್ದೆ ಬಂತು. ಆ ತೋಟದ ಹಣ್ಣು ಮುಗಿಯುವವರೆಗೂ ಅಲ್ಲೇ ಉಳಿದೆ.

ಹೊರಡುವ ದಿನ ಬಿಮಲಾದೇವಿ ಕೂಲಿ ಕೊಡಲು ಬಂದರು. ನನ್ನ ಕೈ ತಾನಾಗಿಯೇ ಹಿಂದಕ್ಕೆ ಹೋಯಿತು. ನಮ್ಮಲ್ಲಿ ಅಕ್ಕಪಕ್ಕದ ಹೊಲದವರ ಹತ್ತಿರ ಯಾರೂ ಕೂಲಿ ತೆಗೆದುಕೊಳ್ಳುವುದಿಲ್ಲ. ಅದು ಮುಯ್ಯಾಳು. ಇವತ್ತು ನಾವು ಅವರ ಹೊಲಕ್ಕೆ, ನಾಳೆ ಅವರು ನಮ್ಮ ಹೊಲಕ್ಕೆ. ಅಡುಗೆ ಉಂಡು, ಮನೆಯಲ್ಲಿ ಮಲಗಿ, ಬೈಸಿಕೊಂಡು ದುಡಿದ ಮೇಲೆ ಅವರು ನನಗೆ ಅಕ್ಕಪಕ್ಕದವರೇ ಆಗಿಬಿಟ್ಟಿದ್ದರು. ನಡುವೆ ಅರ್ಧ ದೇಶ ಇದೆ ಎಂಬುದು ಆ ಕ್ಷಣಕ್ಕೆ ಹೊಳೆಯಲಿಲ್ಲ. ಹರಕು ಹಿಂದಿಯಲ್ಲಿ, ದುಡ್ಡು ಬೇಡ, ನೀವು ನಮ್ಮ ರಾಗಿ ಕೊಯ್ಲಿಗೆ ಬನ್ನಿ ಎಂದೆ.

ಮಗ ನಕ್ಕುಬಿಟ್ಟ. ಬಿಮಲಾದೇವಿ ನಗಲಿಲ್ಲ. ತಮ್ಮೂರಲ್ಲೂ ಈ ಪದ್ಧತಿ ಇದೆ, ಹಾಗೆ ದುಡಿದವರ ಋಣ ಇಟ್ಟುಕೊಳ್ಳಬಾರದು ಎಂದರು. ಕೊಯ್ಲು ಯಾವಾಗ ಎಂದು ವಿಚಾರಿಸಿದರು. ಚಳಿಗಾಲ ಎಂದೆ. ಆಗ ಇಲ್ಲಿ ಹಿಮ ಬಿದ್ದು ಕೆಲಸವಿರುವುದಿಲ್ಲ, ಆದರೂ ಈ ವರ್ಷ ಆಗಲಿಕ್ಕಿಲ್ಲ, ಬರುವ ವರ್ಷ ನೋಡೋಣ ಎಂದವರು ನನ್ನ ಮುಖ ನೋಡಿ ಕೇಳಿದರು: "ಅಲ್ಲೀತನಕ ನಿಮ್ಮ ಹೊಲ ಇರುತ್ತೆ ತಾನೇ?"

"ಇರುತ್ತೆ" ಎಂದೆ.

ತೋಟದಿಂದ ಇಳಿದು ಬಸ್ ಸ್ಟಾಪಿಗೆ ಬಂದ ಮೇಲೆ, ಹೇಳಿದ್ದು ಏನೆಂದು ಹೊಳೆಯಿತು. ಗುತ್ತಿಗೆ ಕೊಟ್ಟ ಹೊಲಕ್ಕೆ ಯಾರೂ ಮುಯ್ಯಾಳು ಕರೆಯುವುದಿಲ್ಲ. ಅವ್ವನಿಗೆ ಹೇಳಲಾಗದ ಉತ್ತರವನ್ನು ಯಾರಿಗೋ ಹೇಳಿಬಿಟ್ಟಿದ್ದೆ. ಬಂಡೆಯ ಮೇಲೆ ಕೂತಾಗ ಬಂದದ್ದೂ ಅದೇ ಉತ್ತರ. ಹಂದಿಯ ವೇಷದಲ್ಲಿ ಬಂದದ್ದರಿಂದ ಈ ಪೆದ್ದನಿಗೆ ಗುರುತು ಸಿಕ್ಕಿರಲಿಲ್ಲ.

ಅವ್ವನಿಗೆ ಫೋನ್ ಮಾಡಿ, ಹೊಲ ಕೊಡಬೇಡ, ಮುಂದಿನ ವರ್ಷ ಒಬ್ಬರು ಮುಯ್ಯಾಳಿಗೆ ಬರುವವರಿದ್ದಾರೆ ಎಂದೆ. ಬರುವವರು ಯಾರು ಎಂದು ಅವಳು ಕೇಳಲೇ ಇಲ್ಲ. "ಸರಿ ಬುಡು, ಶುಂಠಿಯೋರ್ಗೆ ನಾನು ಯೋಳ್ತೀನಿ" ಎಂದಳು. ಕೊಡುವುದಕ್ಕೆ ಅವಳಿಗೂ ಮನಸ್ಸಿರಲಿಲ್ಲ, ನನ್ನ ಬಾಯಿಂದ ಬರಲಿ ಎಂದು ಕಾದಿದ್ದಳು ಎಂದು ಅರಿವಾಗಿ ನನಗೆ ಅಳು ಬಂತು. ಬಂಡೆಯ ಮೇಲೆ ಬರಬೇಕಾದದ್ದು ಬಸ್ ಸ್ಟಾಪಿನಲ್ಲಿ ಬಂತು.

ಮೊದಲ ವರ್ಷದ ನನ್ನ ಬೇಸಾಯವನ್ನು ವಿವರಿಸುವುದು ಬೇಡ. ಬಿತ್ತನೆಯ ಸಾಲುಗಳನ್ನು ನೋಡಿ ನಂಜಣ್ಣ, ಹಾವು ಓಡಾಡಿದ್ದಾ, ನೀನು ಉತ್ತಿದ್ದಾ ಎಂದಿದ್ದ. ಹಿಮಾಚಲದಿಂದ ಆಳು ಬರುತ್ತದಂತೆ ಎಂಬುದು ನಮ್ಮೂರಿನ ಅರಳಿಕಟ್ಟೆಯಲ್ಲಿ ವರ್ಷವಿಡೀ ನಡೆದ ನಗೆಚಾಟಿಕೆ. ಅವರು ಹೇಳಿದ್ದ ವರ್ಷದ ಕೊಯ್ಲು ಹತ್ತಿರ ಬರುವಷ್ಟರಲ್ಲಿ ನಾನೇ ನಂಬಿಕೆ ಬಿಟ್ಟಿದ್ದೆ. ಅಷ್ಟರಲ್ಲಿ ಫೋನ್ ಬಂತು. ಬಿಮಲಾದೇವಿ ಊರವರ ಜೊತೆ ರಾಮೇಶ್ವರಕ್ಕೆ ಬಂದಿದ್ದರು. ಮಗನನ್ನು ಕರೆದುಕೊಂಡು ಮೈಸೂರಿಗೆ ಬರುತ್ತೇನೆ, ರಾಗಿ ಕೊಯ್ದಾಯಿತೇ ಎಂದು ಕೇಳಿದರು.

ನಮ್ಮ ಮನೆಗೆ ಬಂದಿಳಿದಾಗ ಅವರ ಚೀಲದಲ್ಲಿ ರಾಮೇಶ್ವರದ ತೀರ್ಥದ ಜೊತೆ ಹುಲ್ಲು ಕೊಯ್ಯುವ ಅವರದೇ ಕುಡುಗೋಲು ಇತ್ತು. ಅವ್ವನಿಗೆ ಹಿಂದಿ ಬಾರದು, ಅವರಿಗೆ ಕನ್ನಡ ಬಾರದು. ಅಕ್ಕಪಕ್ಕದ ಸಾಲು ಹಿಡಿದು ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ದಿನವಿಡೀ ಮಾತಾಡಿದರು. ಬಹುಪಾಲು ಮಂಡಿನೋವಿನ ಸಮಾಚಾರ ಎಂದು ಕೈ ಹೋಗುತ್ತಿದ್ದ ಕಡೆ ನೋಡಿ ತಿಳಿದುಕೊಂಡೆ. ನನ್ನ ಸಾಲು ಅವರ ಮಗನ ಸಾಲಿಗಿಂತಲೂ ಹಿಂದಿತ್ತು. ನಾನು ದುಡಿದಷ್ಟು ದಿನ ತೀರಿದರೂ ಬಿಮಲಾದೇವಿ ನಿಲ್ಲಿಸಲಿಲ್ಲ. ನಿಂತ ಪೈರನ್ನು ಹಾಗೇ ಬಿಟ್ಟು ಹೋಗಬಾರದು ಎಂದು ಇನ್ನೂ ಒಂದು ದಿನ ಕೊಯ್ದರು. ಬೇಡ ಎನ್ನು ಎಂದು ಅವ್ವನಿಗೆ ಸನ್ನೆ ಮಾಡಿದೆ. ಅವಳು ಕಂಡೂ ಕಾಣದ ಹಾಗೆ ಕೊಯ್ಯುತ್ತಲೇ ಹೋದಳು.

ಅವರನ್ನು ಬಸ್ಸು ಹತ್ತಿಸಿ ಬಂದಾಗ ಅವ್ವ ಅಟ್ಟದಿಂದ ನನ್ನ ಆ ದೊಡ್ಡ ಬ್ಯಾಗನ್ನು ಇಳಿಸಿ ಧೂಳು ಕೊಡವುತ್ತಿದ್ದಳು. ನಂಜನಗೂಡು, ಮಾದಪ್ಪನ ಬೆಟ್ಟ ಬಿಟ್ಟರೆ ಬೇರೆ ಊರು ಕಂಡವಳಲ್ಲ. ಸೇಬು ಕೀಳುವುದು ಯಾವ ತಿಂಗಳು ಎಂದು ಕೇಳಿದಳು. ಹೆಚ್ಚಾದ ಆ ದಿನದ ಮುಯ್ಯಿ ತೀರಿಸಲು ನಾನೇ ಹೋಗಿ ಬರುತ್ತೇನೆ ಬಿಡು ಎಂದೆ.

"ನೀನ್ಯಾಕ್ಲಾ? ನಿಂದು ಆಯ್ತಲ್ಲ" ಎಂದಳು. "ಈ ಸಲ ನಾನು ಓಯ್ತೀನಿ. ನಾನ್ಯಾರು ಅಂತ ನಂಗೂ ಒಸಿ ಗೊತ್ತಾಗ್ಲಿ."

ನಾನು ರೈಲು ಟಿಕೆಟ್ ನೋಡಲು ಮೊಬೈಲ್ ತೆಗೆದೆ.