ಇನ್ನೂರಕ್ಕೆ ನಿಲ್ಲದ ಓಟ

ಮದುವೆಯಾಗಿ ಮಂಡ್ಯದ ಪಕ್ಕದ ಹೊಳಲಿಗೆ ಬಂದ ಮೇಲೆ ನಾನು ಮೊದಲ ಸಲ ನಾಲೆ ಏರಿಯ ಮೇಲೆ ಓಡಿದ ಬೆಳಿಗ್ಗೆ, ಕಬ್ಬಿನ ಗದ್ದೆಯಿಂದ ಒಬ್ಬ ಮುದುಕ ಮಚ್ಚು ಹಿಡಿದುಕೊಂಡು ಎದ್ದು ಬಂದ. ನನ್ನ ಹಿಂದೆ ಯಾರಿದ್ದಾರೆ ಎಂದು ಕತ್ತು ಚಾಚಿ ನೋಡಿದ. ಯಾರೂ ಇರಲಿಲ್ಲ.

"ಯಾರವ್ವ ನಿನ್ನ ಅಟ್ಟಿಸ್ಕಂಡ್ ಬಂದೋರು?" ಅಂದ.

"ಯಾರೂ ಇಲ್ಲ ತಾತ. ಸುಮ್ನೆ ಓಡ್ತಾ ಇವ್ನಿ."

"ಸುಮ್ಸುಮ್ಕೆ ಯಾರಾದ್ರೂ ಓಡ್ತಾರಾ?" ಎಂದು ಅವನು ಮಚ್ಚು ಕೆಳಗಿಳಿಸಿದ. ಸಹಾಯಕ್ಕೆಂದು ಬಂದವನಿಗೆ ನಿರಾಸೆಯಾಗಿತ್ತು.

ಆ ಕಾಲದಲ್ಲಿ ಹೆಂಗಸು ಓಡುತ್ತಿದ್ದಾಳೆ ಎಂದರೆ ಯಾರಿಗೋ ಹಾವು ಕಚ್ಚಿದೆ, ಇಲ್ಲ ಹುಲ್ಲಿನ ಮೆದೆಗೆ ಬೆಂಕಿ ಬಿದ್ದಿದೆ, ಅದೂ ಅಲ್ಲದಿದ್ದರೆ ಗಂಡ ಹೊಡೆದಿದ್ದಾನೆ ಎಂದೇ ಅರ್ಥ. ಹಾಲಿನ ಕ್ಯಾನು ಕಟ್ಟಿಕೊಂಡು ಮಂಡ್ಯಕ್ಕೆ ಹೋಗುವ ಸೈಕಲ್ಲಿನವರು ನಿಲ್ಲಿಸಿ, ಆಸ್ಪತ್ರೆಗಾದರೆ ಹಿಂದೆ ಕೂತುಕೊಳ್ಳಿ ಎನ್ನುತ್ತಿದ್ದರು. ಅವರಿಗೆಲ್ಲ ಕಾರಣ ಹೇಳಿ ಹೇಳಿ ಸಾಕಾಗಿ, ಕೊನೆಗೆ ನಾನು ಕಾರಣ ಹೇಳುವುದನ್ನೇ ಬಿಟ್ಟೆ.

ನನ್ನ ತವರು ಮಳವಳ್ಳಿ ಕಡೆ. ಹೈಸ್ಕೂಲಿನಲ್ಲಿದ್ದಾಗ ತಾಲ್ಲೂಕಿನ ಹುಡುಗಿಯರ ಓಟದಲ್ಲಿ ನನ್ನನ್ನು ಹಿಂದೆ ಹಾಕಿದವರಿರಲಿಲ್ಲ. ಟೀಚರ್ಸ್ ಟ್ರೈನಿಂಗ್ ಮುಗಿಸಿ ಮಂಡ್ಯದ ಒಂದು ಪ್ರೈಮರಿ ಶಾಲೆಗೆ ಸೇರಿದೆ, ಸಕ್ಕರೆ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದವರನ್ನು ಮದುವೆಯಾದೆ, ಓಟ ಅಲ್ಲಿಗೆ ನಿಂತಿತು. ನಿಲ್ಲಿಸು ಎಂದು ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೇ ಯಾರಿಗೂ ಕಾಣಲಿಲ್ಲ. ಕೆಲವು ವರ್ಷ ಕಳೆದರೂ ಮಕ್ಕಳಾಗಲಿಲ್ಲ. ಸಿಕ್ಕಿದವರೆಲ್ಲ ಮೊದಲು ನನ್ನ ಹೊಟ್ಟೆ ನೋಡಿ ಆಮೇಲೆ ಮುಖ ನೋಡುತ್ತಿದ್ದರು. ಒಂದು ದಿನ ಬಾವಿಕಟ್ಟೆಯ ಹತ್ತಿರ ಯಾರೋ ಹಾಗೆ ನೋಡಿದಾಗ ಮೈಯೆಲ್ಲ ಉರಿದುಹೋಯಿತು. ಈ ದೇಹ ಊರಿನದಲ್ಲ, ನನ್ನದು ಎಂದು ನನಗಾದರೂ ಗೊತ್ತಿರಬೇಕು ಅನ್ನಿಸಿತು. ಮಾರನೆಯ ಬೆಳಿಗ್ಗೆ ಏರಿ ಹತ್ತಿದೆ.

ಅತ್ತೆ ಏನನ್ನುತ್ತಾರೋ ಎಂಬ ಅಳುಕಿತ್ತು. ನನ್ನ ಅತ್ತೆ ಮಾತಿಗೆ ಬೆಲ್ಲ ಸವರುವವರಲ್ಲ. ನಾನು ಬೆವತುಕೊಂಡು ಬಂದು ಹಟ್ಟಿಯ ಮುಂದೆ ನಿಂತಾಗ ಮೇಲಿಂದ ಕೆಳಗೆ ಒಂದು ಸಲ ನೋಡಿದರು.

"ಓಡೋದಾದ್ರೆ ಓಡು. ಮುದ್ದೆಗೆ ಎಸರು ಇಟ್ಬುಟ್ಟು ಓಡು. ನೀನ್ ಬರೋ ಅಷ್ಟೊತ್ಗೆ ಕುದೀತದೆ" ಅಂದರು. ಅಷ್ಟೇ.

ಪಕ್ಕದ ಮನೆಯವರು ಬಂದು, ಹೀಗೆ ಎಗರಾಡಿದರೆ ಗರ್ಭ ನಿಲ್ಲುವುದಿಲ್ಲ ಕಣಕ್ಕ ಎಂದು ಅವರ ಕಿವಿಯಲ್ಲಿ ಊದಿದರು. "ನನ್ ಸೊಸೆ ಕಾಲು ಓಡ್ತದೆ, ನಿಂಗ್ಯಾಕಮ್ಮಿ ಮಂಡಿನೋವು?" ಎಂದು ಅತ್ತೆ ಅವರನ್ನು ಕಳಿಸಿದರು. ಮುಂದೆ ನನಗೆ ಇಬ್ಬರು ಮಕ್ಕಳಾದರು. ಓಟದಿಂದ ಆಗಲಿಲ್ಲ, ಓಟದಿಂದ ತಡವೂ ಆಗಲಿಲ್ಲ.

ಸೀರೆಯನ್ನು ಎತ್ತಿ ಸಿಕ್ಕಿಸಿಕೊಂಡು ಓಡುವುದು ಬಹಳ ದಿನ ನಡೆಯಲಿಲ್ಲ. ಮಂಡ್ಯದ ಪೇಟೆಬೀದಿಯ ದರ್ಜಿಯ ಹತ್ತಿರ ಹೋಗಿ ದಪ್ಪ ಬಟ್ಟೆಯ ಪೈಜಾಮ ಹೊಲಿಯಬೇಕು ಎಂದೆ. ಅಳತೆ ಯಾರದು, ಯಜಮಾನರದೇ ಎಂದು ಕೇಳಿದ. ನನ್ನದೇ ಎಂದೆ. ಅವನು ಟೇಪನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟು, ಒಳಗಿನಿಂದ ಹೆಂಡತಿಯನ್ನು ಕರೆದ. ಆಕೆ ಅಳತೆ ತೆಗೆದುಕೊಳ್ಳುತ್ತ ಮೆಲ್ಲಗೆ, "ಜೇಬು ಇಡಿಸ್ಲಾ ಅಕ್ಕ?" ಅಂದಳು. ಇಡಿಸು ಎಂದೆ. ಮೇಲಕ್ಕೆ ಗಂಡನ ಹಳೆಯ ಅರ್ಧ ತೋಳಿನ ಅಂಗಿ, ಒಳಗೆ ಬೇಕೆಂದೇ ಬಿಗಿಯಾಗಿ ಹೊಲಿಸಿದ ರವಿಕೆ. ತಾಳಿ ಎಗರಿ ಹಲ್ಲಿಗೆ ಬಡಿಯುತ್ತಿತ್ತು. ಅದನ್ನು ರವಿಕೆಗೆ ಪಿನ್ನು ಹಾಕಿ ಕೂರಿಸಿದೆ.

ಬೂಟಿನದು ಬೇರೆಯೇ ಕತೆ. ಹೆಂಗಸರ ಕಾಲಿಗೆ ಅಂಗಡಿಯಲ್ಲಿ ಚಪ್ಪಲಿಯಿತ್ತು, ಓಡುವ ಬೂಟು ಇರಲಿಲ್ಲ. ಹುಡುಗರ ಬಿಳಿ ಕ್ಯಾನ್ವಾಸ್ ಬೂಟು ತಂದೆ. ನಾಲೆ ಏರಿಯ ಗರಸಿಗೆ ಅದರ ಅಟ್ಟೆ ಬೇಗ ಸವೆಯುತ್ತಿತ್ತು. ಪಂಕ್ಚರ್ ಅಂಗಡಿಯವನು ಹಳೆಯ ಸೈಕಲ್ ಟೈರನ್ನು ಕತ್ತರಿಸಿ ಸಲ್ಯೂಷನ್ ಹಾಕಿ ಅಂಟಿಸಿಕೊಟ್ಟ. ಅದು ಹೊಸ ಅಟ್ಟೆಗಿಂತ ಗಟ್ಟಿಯಾಯಿತು, ತೂಕವೂ ಹೆಚ್ಚಾಯಿತು. ಹೆಜ್ಜೆ ಇಟ್ಟರೆ ಪಟಪಟ ಸದ್ದು. ಎಮ್ಮೆಗಳು ಬೆದರಿ ನಾಲೆಗಿಳಿಯುತ್ತಿದ್ದವು.

ಆ ವರ್ಷ ಮಂಡ್ಯದಲ್ಲಿ ಸರ್ಕಾರಿ ನೌಕರರ ಕ್ರೀಡಾಕೂಟ ಇದೆ ಎಂದು ಶಾಲೆಗೆ ಸುತ್ತೋಲೆ ಬಂತು. ಗಂಡಸರಿಗೆ ಎಲ್ಲ ಓಟಗಳೂ ಇದ್ದವು. ಹೆಂಗಸರಿಗೆ ನಿಂಬೆಹಣ್ಣು ಚಮಚ, ಸೂಜಿಗೆ ದಾರ ಪೋಣಿಸುವುದು, ಮ್ಯೂಸಿಕಲ್ ಚೇರ್, ರಂಗೋಲಿ. ನಾನು ಕೂಟದ ಕಾರ್ಯದರ್ಶಿಗಳ ಹತ್ತಿರ ಹೋದೆ. ಯಾವುದೋ ಕಚೇರಿಯಲ್ಲಿ ಮ್ಯಾನೇಜರಾಗಿದ್ದ ನಗುಮುಖದ ಮನುಷ್ಯ.

"ಮಹಿಳೆಯರಿಗೆ ಸಾವಿರದೈನೂರು ಮೀಟರ್ ಓಟ ಇಡಿ ಸಾರ್."

ಅವರು ಪಕ್ಕದವರನ್ನು ನೋಡಿ ನಕ್ಕರು. "ಒಬ್ಬರೇ ಓಡ್ತೀರಾ ಮೇಡಂ? ಸ್ಪರ್ಧೆ ಅಂದ್ಮೇಲೆ ಮೂರು ಜನ ಬೇಕು. ಇನ್ನಿಬ್ಬರನ್ನ ಕರ್ಕೊಂಡು ಬನ್ನಿ, ಆಮೇಲೆ ನೋಡೋಣ."

ತಮಾಷೆಗೆ ಹೇಳಿದರು. ನಾನು ತಮಾಷೆಗೆ ತೆಗೆದುಕೊಳ್ಳಲಿಲ್ಲ.

ಮೊದಲನೆಯವರು ಸುಲಭವಾಗಿ ಸಿಕ್ಕರು. ಮಳವಳ್ಳಿಯ ನರ್ಸಮ್ಮ, ನನ್ನ ಅತ್ತಿಗೆಯ ಹೆರಿಗೆಗೆ ಬಂದಿದ್ದವರು. ಹಳ್ಳಿಯಿಂದ ಹಳ್ಳಿಗೆ ಚೀಲ ಹೊತ್ತು ಬಿಸಿಲಲ್ಲಿ ನಡೆದು ನಡೆದು ಅವರ ಕಾಲು ಕಬ್ಬಿಣವಾಗಿತ್ತು. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು. ವಿಷಯ ಹೇಳಿದಾಗ, "ನಡಿಯೋಕ್ ಬತ್ತದೆ, ಓಡೋದು ಗೊತ್ತಿಲ್ಲ. ಕಲಿಸ್ತೀಯಾ?" ಅಂದರು.

ಎರಡನೆಯವಳನ್ನು ಕಂಡದ್ದು ಮದ್ದೂರಿನ ಬಸ್ ನಿಲ್ದಾಣದಲ್ಲಿ. ನಾನು ಬಸ್ಸಿನಲ್ಲಿ ಕೂತಿದ್ದೆ, ಬಸ್ಸು ಹೊರಟು ವೇಗ ತೆಗೆದುಕೊಂಡಿತ್ತು. ಹಿಂದೆ ಒಬ್ಬ ತೆಳ್ಳನೆಯ ಹುಡುಗಿ, ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ, ಕನ್ನಡಕವನ್ನು ಇನ್ನೊಂದು ಕೈಯಲ್ಲಿ ಹಿಡಿದು ಓಡಿ ಬಂದಳು. ಅವಳ ಹೆಜ್ಜೆ ನೆಲಕ್ಕೆ ತಾಗಿದಂತೆಯೇ ಕಾಣಲಿಲ್ಲ. ಕಂಡಕ್ಟರು ಸೀಟಿ ಊದುವ ಮೊದಲೇ ಬಾಗಿಲ ಕಂಬಿ ಹಿಡಿದಳು. ನನ್ನ ಪಕ್ಕದಲ್ಲಿ ಜಾಗ ಮಾಡಿ ಕೂರಿಸಿಕೊಂಡು, ಅವಳು ಕನ್ನಡಕ ಹಾಕಿಕೊಳ್ಳುವ ಮೊದಲೇ, ನಮ್ಮ ಜೊತೆ ಓಡ್ತೀಯಾ ಎಂದು ಕೇಳಿಬಿಟ್ಟೆ. ಮದ್ದೂರಿನ ಒಂದು ಕಚೇರಿಯಲ್ಲಿ ಟೈಪಿಸ್ಟು, ಮನೆ ವೈದ್ಯನಾಥಪುರ, ಅರ್ಚಕರ ಮನೆತನ. "ನಮ್ಮಪ್ಪ ಒಪ್ಪಲ್ಲ" ಎಂದಳು. ಕನ್ನಡಕ ಒರೆಸಿ ಹಾಕಿಕೊಂಡು, "ಎಷ್ಟು ಹೊತ್ತಿಗೆ ಬರ್ಬೇಕು?" ಅಂದಳು.

ಮೂವರಿಗೂ ಮದ್ದೂರು ನಡುವೆ. ಭಾನುವಾರ ಬೆಳಿಗ್ಗೆ ನಾನು ಮಂಡ್ಯದಿಂದ, ನರ್ಸಮ್ಮ ಮಳವಳ್ಳಿಯಿಂದ ಮೊದಲ ಬಸ್ಸು ಹಿಡಿದು ಬರುತ್ತಿದ್ದೆವು. ಒಂದು ವಾರ ಶಿವಪುರದ ಕಡೆ, ಇನ್ನೊಂದು ವಾರ ಶಿಂಷಾ ಹೊಳೆಯ ದಂಡೆಯ ದಾರಿಯಲ್ಲಿ ಓಡುತ್ತಿದ್ದೆವು. ನರ್ಸಮ್ಮ ಮೊದಲ ದಿನವೇ ಪಕ್ಕೆ ಹಿಡಿದುಕೊಂಡು ಕಲ್ಲಿನ ಮೇಲೆ ಕೂತರು. ಮುಂದಿನ ಭಾನುವಾರ ಬರುವುದಿಲ್ಲ ಅಂದುಕೊಂಡೆ. ಆ ಭಾನುವಾರ ಎಲ್ಲರಿಗಿಂತ ಮೊದಲು ಬಂದು ಬಸ್ಸಿಳಿದವರು ಅವರೇ.

ಒಂದು ಸಲ ವೈದ್ಯನಾಥಪುರದ ಹತ್ತಿರ ಟೈಪಿಸ್ಟ್ ಹುಡುಗಿಯ ತಂದೆ ಎದುರಾದರು. ಹೊಳೆಯಲ್ಲಿ ಸ್ನಾನ ಮುಗಿಸಿ ಒದ್ದೆ ಪಂಚೆಯಲ್ಲಿ ನೀರಿನ ಬಿಂದಿಗೆ ಹೊತ್ತು ದೇವಸ್ಥಾನಕ್ಕೆ ಹೋಗುತ್ತಿದ್ದರು. ಮಗಳು ನನ್ನಂಥದೇ ಪೈಜಾಮದಲ್ಲಿದ್ದಳು. ನಾವಿಬ್ಬರೂ ದೂರ ನಿಂತೆವು.

"ಏನೇ ಇದು ಅವತಾರ?" ಎಂದರು.

"ಓಡ್ತಿದೀನಪ್ಪ."

"ಬಿದ್ದು ಕಾಲು ಮುರ್ಕೊಂಡ್ರೆ ನಿನ್ನನ್ನ ಯಾರು ಮದುವೆ ಆಗ್ತಾರೆ?"

"ಈಗ ಮುರಿದಿಲ್ವಲ್ಲ. ಈಗಲೂ ಯಾರೂ ಬಂದಿಲ್ಲ."

ಅವಳ ತಲೆ ಬಗ್ಗಿರಲಿಲ್ಲ. ಅವರು ಬಿಂದಿಗೆಯನ್ನು ಭುಜದಿಂದ ಭುಜಕ್ಕೆ ಬದಲಾಯಿಸಿದರು. "ಬಿಸಿಲೇರೋಕೆ ಮುಂಚೆ ಮನೆಗೆ ಬಾ" ಎಂದು ನಮ್ಮನ್ನು ದಾಟಿ ಹೋದರು.

ಮೂರು ಹೆಸರು ಕೊಟ್ಟಾಗ ಕಾರ್ಯದರ್ಶಿಗಳ ನಗು ಸ್ವಲ್ಪ ಕಡಿಮೆಯಾಯಿತು. ಆಡಿದ ಮಾತಿಗೆ ಸಾಕ್ಷಿಗಳಿದ್ದುದರಿಂದ ಪಟ್ಟಿಯಲ್ಲಿ ಹಾಕಿಕೊಂಡರು.

ಕೂಟದ ದಿನ ಮೈದಾನದ ತುಂಬ ಜನ. ನನ್ನ ಗಂಡ ಅತ್ತೆಯನ್ನೂ ಕರೆತಂದಿದ್ದರು. ನಮ್ಮ ಓಟವನ್ನು ಊಟವಾದ ಮೇಲೆ ಸುಡುಬಿಸಿಲಿಗೆ ಇಟ್ಟಿದ್ದರು. ಸುಣ್ಣದ ಗೆರೆಯ ಹತ್ತಿರ ನಿಂತಾಗ ಮೈಕಿನಲ್ಲಿ ಕೇಳಿಸಿತು: ಈಗ ಮಹಿಳೆಯರ ಇನ್ನೂರು ಮೀಟರ್ ಓಟ.

ನಾನು ಮೈಕಿನವರ ಹತ್ತಿರ ಓಡಿದೆ. ಕಾರ್ಯದರ್ಶಿಗಳು ನನ್ನನ್ನು ಪಕ್ಕಕ್ಕೆ ಕರೆದರು. "ಅತಿಥಿಗಳು ಬೇಗ ಹೋಗಬೇಕಂತೆ ಮೇಡಂ. ಡಾಕ್ಟರು ಕೂಡ ಹೇಳಿದ್ರು, ಹೆಂಗಸರಿಗೆ ಅಷ್ಟು ದೂರ ಒಳ್ಳೆಯದಲ್ಲ ಅಂತ. ಇನ್ನೂರೇ ಚೆನ್ನಾಗಿರುತ್ತೆ."

ಹಿಂದಕ್ಕೆ ಬಂದು ಇಬ್ಬರಿಗೂ ಹೇಳಿದೆ. ಟೈಪಿಸ್ಟು ಕನ್ನಡಕಕ್ಕೆ ಕಟ್ಟಿದ್ದ ದಾರವನ್ನು ತಲೆಯ ಹಿಂದೆ ಬಿಗಿ ಮಾಡಿದಳು. ನರ್ಸಮ್ಮ, "ಡಾಕ್ಟ್ರ ಮಾತ ದಿನಾ ಕೇಳ್ತೀನಿ. ಇವತ್ತು ನಂಗೆ ರಜ" ಅಂದರು.

"ಹಂಗಾದ್ರೆ ಇನ್ನೂರಕ್ಕೆ ನಿಲ್ಲೋದು ಬೇಡ, ನಾಲ್ಕು ಸುತ್ತೂ ಹಾಕಣ" ಎಂದೆ. ಅಷ್ಟೇ ನಾವು ಮಾಡಿದ ಸಂಚು.

ಸೀಟಿ ಊದಿದರು. ಮೈದಾನದ ಅರ್ಧ ಸುತ್ತಿಗೆ ಇಬ್ಬರು ಜವಾನರು ಟೇಪು ಹಿಡಿದು ನಿಂತಿದ್ದರು. ಮೊದಲು ತಲುಪಿದವಳು ನಾನು. ಟೇಪು ಎದೆಗೆ ತಗುಲಿ ಕಿತ್ತು ಬಂತು. ನಾನು ನಿಲ್ಲಲಿಲ್ಲ. ಹಿಂದೆ ನನ್ನವರಿಬ್ಬರ ಬೂಟಿನ ಸದ್ದೂ ನಿಲ್ಲಲಿಲ್ಲ.

ಓಟ ಮುಗಿಯಿತು, ದಯವಿಟ್ಟು ನಿಲ್ಲಿ ಎಂದು ಮೈಕು ಹೇಳಿತು. ಜನ ನಗತೊಡಗಿದರು. ಬ್ಯಾಡ್ಜು ಹಾಕಿದ್ದ ಒಬ್ಬರು ನನ್ನನ್ನು ತಡೆಯಲೆಂದು ಚಪ್ಪಲಿಯಲ್ಲೇ ಪಕ್ಕದಲ್ಲಿ ಓಡಿ ಬಂದರು. "ಮೇಡಂ, ಮುಗೀತು ಮೇಡಂ" ಎನ್ನುತ್ತಲೇ ಓಡಿ, ತಿರುವು ಮುಗಿಯುವಷ್ಟರಲ್ಲಿ ಸೊಂಟ ಹಿಡಿದು ಕೂತುಬಿಟ್ಟರು. ಒಂದು ಸುತ್ತಾಯಿತು. ಹಗ್ಗದಾಚೆಯಿಂದ ಯಾರೋ, "ಲೇ, ಇನ್ನೂ ಓಡ್ತಾವ್ರೆ ಕಣ್ಲಾ" ಅಂದದ್ದು ಕೇಳಿಸಿತು. ಅದರಲ್ಲಿ ಕುಹಕವಿರಲಿಲ್ಲ. ಎರಡನೆಯ ಸುತ್ತಿನಲ್ಲಿ ಇಬ್ಬರು ಸ್ವಯಂಸೇವಕರು ಕೈ ಅಡ್ಡ ಹಿಡಿದು ನಿಂತಿದ್ದಾಗ ಅತ್ತೆಯ ದನಿ ಬಂತು. "ದಾರಿ ಬುಡ್ರಪ್ಪ, ಓಡ್ಲಿ. ನಿಮ್ ಗಂಟೇನ್ ಓಯ್ತದೆ." ಕೈಗಳು ಕೆಳಗಿಳಿದವು.

ಮೂರನೆಯ ಸುತ್ತಿಗೆ ನಗು ನಿಂತುಹೋಗಿತ್ತು. ಗಂಟಲು ಒಣಗಿ, ಟೈರಿನ ಅಟ್ಟೆ ಕಾದು ಪಾದ ಸುಡುತ್ತಿತ್ತು. ನಾನೇ ಮುಂದಿದ್ದೆ. ನಾಲ್ಕನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಪಕ್ಕಕ್ಕೆ ಒಂದು ನೆರಳು ಬಂತು. ಅಂದು ಬಸ್ಸಿನ ಹಿಂದೆ ಬಂದಂತೆಯೇ ಬಂದು, ಟೈಪಿಸ್ಟು ನನ್ನನ್ನು ದಾಟಿ ಹೋದಳು. ಸುಳ್ಳು ಯಾಕೆ ಹೇಳಲಿ, ಅವಳನ್ನು ಹಿಡಿಯಲು ಇದ್ದ ಬದ್ದ ಉಸಿರನ್ನೆಲ್ಲ ಹಾಕಿದೆ. ಆಗಲಿಲ್ಲ. ಗೆರೆಯ ಹತ್ತಿರ ಯಾರೂ ಇರಲಿಲ್ಲ, ಗಡಿಯಾರ ಹಿಡಿದವರೂ ಇರಲಿಲ್ಲ. ನಾವಿಬ್ಬರೂ ಅಲ್ಲೇ ನಿಂತು ನರ್ಸಮ್ಮನಿಗೆ ಕಾದೆವು. ಅವರು ಸ್ವಲ್ಪ ದೂರ ನಡೆದು, ಸ್ವಲ್ಪ ದೂರ ಓಡಿ ಬರುತ್ತಿದ್ದರು. ಆಗ ಮೈದಾನವೆಲ್ಲ ಚಪ್ಪಾಳೆ ತಟ್ಟಿತು.

ಬಹುಮಾನ ಕೊಡುವಾಗ, ಇನ್ನೂರು ಮೀಟರಿಗೆ ನಾನು ಪ್ರಥಮ ಎಂದು ಕರೆದರು. ಸ್ಟೀಲಿನ ಡಬ್ಬಿ. ಅತಿಥಿಗಳ ಕೈಯಿಂದ ತೆಗೆದುಕೊಂಡು ವೇದಿಕೆಯ ಮೇಲೆಯೇ ಟೈಪಿಸ್ಟ್ ಹುಡುಗಿಯನ್ನು ಕರೆದೆ.

"ನಾವು ಓಡಿದ ಓಟದಲ್ಲಿ ಗೆದ್ದಿದ್ದು ಇವಳು ಸಾರ್" ಎಂದು ಡಬ್ಬಿಯನ್ನು ಅವಳ ಕೈಗೆ ಕೊಟ್ಟೆ. ಕಾರ್ಯದರ್ಶಿಗಳು ಮೈಕನ್ನು ಕೈಯಿಂದ ಮುಚ್ಚಿದರು.

ನೌಕರರೆಲ್ಲ ಬಾಯಿ ಮುಚ್ಚಿಕೊಂಡಿರುವುದೇ ಕ್ಷೇಮ ಎಂದು ನಂಬಿದ್ದ ತುರ್ತು ಪರಿಸ್ಥಿತಿಯ ಕಾಲ ಅದು. ಕೆಲವು ದಿನಗಳಲ್ಲಿ ನನ್ನನ್ನು ಮೇಲಧಿಕಾರಿಗಳು ಕರೆಸಿದರು. ಅತಿಥಿಗಳ ಮುಂದೆ ಅಶಿಸ್ತು ತೋರಿಸಿದ್ದೀರಿ, ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಎಂದು ಬರೆದುಕೊಡಿ ಎಂದರು.

"ಬರೆಯಲ್ಲ ಸಾರ್."

"ದೂರದ ಊರಿಗೆ ಹಾಕಬೇಕಾಗುತ್ತೆ."

"ಎಲ್ಲಿಗೆ ಹಾಕಿದ್ರೂ ರಸ್ತೆ ಇರುತ್ತೆ ಸಾರ್."

ಅವರು ಆಡಿದಂತೆಯೇ ಮಾಡಿದರು. ಮಳವಳ್ಳಿಯಿಂದಾಚೆಯ ಒಂದು ಹಳ್ಳಿಗೆ ವರ್ಗವಾಯಿತು. ಗಂಡ ಬೇಸರ ಮಾಡಿಕೊಂಡರು, ಆದರೆ ಕ್ಷಮಾಪಣೆ ಕೇಳು ಎನ್ನಲಿಲ್ಲ. ಅತ್ತೆ ರಾಗಿಹಿಟ್ಟು, ಸಾರಿನ ಪುಡಿ ಕಟ್ಟಿಕೊಟ್ಟು, "ಶನಿವಾರ ಬಂದ್ಬುಡು" ಎಂದರು. ತವರಿಂದ ಆ ಹಳ್ಳಿಗೆ ಬಸ್ಸಿರಲಿಲ್ಲ, ಅದಕ್ಕೆ ವಾರವೆಲ್ಲ ನರ್ಸಮ್ಮನ ಮನೆಯಲ್ಲಿದ್ದೆ. ಅಲ್ಲಿ ನಾಲೆ ಏರಿಯ ಸಮತಟ್ಟು ಇರಲಿಲ್ಲ. ಕಲ್ಲು ದಿಣ್ಣೆ, ಇಳಿಜಾರು, ಮತ್ತೆ ದಿಣ್ಣೆ. ಬೆಳಿಗ್ಗೆ ನಾವಿಬ್ಬರೂ ಅದನ್ನು ಹತ್ತಿ ಇಳಿಯುತ್ತಿದ್ದೆವು. ನನಗೆ ಶಿಕ್ಷೆಯೆಂದು ಕೊಟ್ಟ ಆ ಊರು ನನ್ನ ತೊಡೆಗೆ ಹಿಂದೆಂದೂ ಇಲ್ಲದ ಬಲ ಕೊಟ್ಟಿತು.

ಮರುವರ್ಷದ ಕೂಟದ ಸುತ್ತೋಲೆಯಲ್ಲಿ ಮಹಿಳೆಯರ ಸಾವಿರದೈನೂರು ಮೀಟರ್ ಅಚ್ಚಾಗಿಯೇ ಬಂತು. ಯಾರ ಮನಸ್ಸು ಬದಲಾಯಿತೋ ಗೊತ್ತಿಲ್ಲ, ಕೇಳಲೂ ಇಲ್ಲ. ಓಡಲು ನಾವು ಮೂವರಲ್ಲದೆ ಇನ್ನೂ ಕೆಲವರು ಬಂದಿದ್ದರು. ನನಗೆ ಗುರುತಿಲ್ಲದ, ಈಗತಾನೆ ಕೆಲಸಕ್ಕೆ ಸೇರಿದ ಒಬ್ಬ ಎಳೆಯ ಹುಡುಗಿ ಗೆದ್ದಳು. ಟೈಪಿಸ್ಟು ಎರಡನೆಯವಳು, ನಾನು ನಾಲ್ಕನೆಯವಳು. ನನ್ನ ದಿಣ್ಣೆಯ ಬಲವೆಲ್ಲ ಆ ಹುಡುಗಿಯ ಮುಂದೆ ಏನೂ ಆಗಲಿಲ್ಲ. ಬಸ್ಸಿನಲ್ಲಿ ಮಳವಳ್ಳಿಗೆ ವಾಪಸು ಬರುವಾಗ ನರ್ಸಮ್ಮ ಸಮಾಧಾನ ಹೇಳಲು ಬಾಯಿ ತೆರೆದರು. ನನಗೆ ಸಮಾಧಾನ ಬೇಕಿರಲಿಲ್ಲ.

"ನಾಳೆ ಸ್ವಲ್ಪ ಬೇಗ ಏಳಣ" ಎಂದೆ.