ಕಸಬರಿಗೆಯ ಚುಕ್ಕಿಗಳು

ನನ್ನ ನಾದಿನಿ ಗಿರಿಜಾ ಇಷ್ಟು ವರ್ಷ ಕೈಮುಗಿದ ಮೈಲಾರಲಿಂಗನ ಚಿತ್ರದಲ್ಲಿ ಅರ್ಧದಷ್ಟು ಚುಕ್ಕಿಗಳನ್ನು ನಾನು ಕಸಬರಿಗೆಯಿಂದ ಹಾಕಿದ್ದೆ. ಹಾಕಿ, ಆ ಮಾತನ್ನು ಮುಚ್ಚಿಟ್ಟಿದ್ದೆ.

ಆಗ ರಾಣೆಬೆನ್ನೂರಿನ ನಮ್ಮ ಮನೆಯಲ್ಲಿ ಚುಕ್ಕಿಚಿತ್ರ ಕಲಿಯುತ್ತಿದ್ದೆ. ಗೆರೆ ಎಳೆಯದೆ ಬರೀ ಚುಕ್ಕಿಯಿಂದ ಮುಖ ಮೂಡಿಸುವುದು — ನೆರಳಿಗೆ ಒತ್ತಾಗಿ, ಬೆಳಕಿಗೆ ವಿರಳವಾಗಿ. ಬ್ಯಾಡಗಿಯಲ್ಲಿದ್ದ ಗಿರಿಜಾಳಿಗೆ ಎರಡು ಬಸಿರು ನಿಂತಿರಲಿಲ್ಲ. ಮೂರನೆಯದಕ್ಕೆ ಮಲಗಿಯೇ ಇರಬೇಕೆಂದು ಡಾಕ್ಟರು ಹೇಳಿದ್ದರು. ನೋಡಲು ಹೋದಾಗ ಕೇಳಿದಳು: "ವೈನಿ, ನಮ್ಮ ಮೈಲಾರಲಿಂಗನ್ನ ತಗದ ಕೊಡ್ರಿ. ಒಂದೊಂದು ಚುಕ್ಕಿಗೂ ಏಳುಕೋಟಿ ಅನ್ರಿ. ಮಕ್ಕೊಂಡಲ್ಲೇ ನೋಡ್ತೇನಿ."

ಮುಖಕ್ಕೆ, ಕಣ್ಣಿಗೆ ಹಾಗೆಯೇ ಏಳುಕೋಟಿ ಎಂದು ಆತನ ನಾಮ ಹೇಳುತ್ತ ನಿಬ್ಬು ಊರಿದೆ. ಮುಖದ ಹಿಂದಿನ ಕತ್ತಲು ತುಂಬುವಾಗ — ಬೆರಳು ನೋಯುತ್ತಿತ್ತು ಎನ್ನಬಹುದು, ಆದರೆ ಬೇಸರವೇ ಬಂದದ್ದು. ಕಸಬರಿಗೆಯ ಕಡ್ಡಿಗಳನ್ನು ಕಟ್ಟಿ, ಮಸಿಯಲ್ಲಿ ಅದ್ದಿ, ಒಮ್ಮೆಗೇ ಹತ್ತಾರು ಚುಕ್ಕಿ ಒತ್ತಿದೆ. ಬಾಯಲ್ಲಿ ನಾಮವಿರಲಿಲ್ಲ, ಒಲೆಯ ಮೇಲಿನ ಬೇಳೆಯ ಚಿಂತೆಯಿತ್ತು.

ಗಿರಿಜಾ ಅದನ್ನು ಮಂಚದ ಪಕ್ಕದ ಗೋಡೆಗೆ ಅಂಟಿಸಿಕೊಂಡಳು.

"ಎಲ್ಲಾ ಚುಕ್ಕಿಗೂ ಅಂದ್ರಿ ಹೌದಿಲ್ಲೋ?"

"ಹೂಂ."

ದೇವರ ದಯೆ, ಹೆಣ್ಣುಮಗು ಹುಟ್ಟಿತು. ಬಂದವರೆಲ್ಲ ಚಿತ್ರಕ್ಕೆ ಕೈಮುಗಿಯುವಾಗ ನಾನು ಸೆರಗು ಸರಿಮಾಡಿಕೊಳ್ಳುತ್ತ ಅಡುಗೆಮನೆಗೆ ಸರಿಯುತ್ತಿದ್ದೆ. ಹೇಳಿಬಿಡಬೇಕು ಎನಿಸುತ್ತಿತ್ತು — ಆದರೆ ಆಕೆಯ ಮುಖ ನೋಡಿದರೆ ಬಾಯಿ ಬರುತ್ತಿರಲಿಲ್ಲ.

ಈ ಬೇಸಿಗೆ ಸೂಟಿಗೆ ಗಿರಿಜಾ ಮಗಳನ್ನು ಕರೆತಂದಳು. "ಇಕಿಗೂ ಕಲಿಸ್ರಿ ವೈನಿ. ನಿಮ್ಮಂಗ ನಾಮ ಹೇಳಿ ಚುಕ್ಕಿ ಇಡೋದ."

ಆ ಹುಡುಗಿಯ ಕೈಗೆ ನಿಬ್ಬಿನ ಜೊತೆ ಸುಳ್ಳನ್ನೂ ಹೇಗೆ ಕೊಡಲಿ? ಅವಳೆದುರೇ ಹೇಳಿಬಿಟ್ಟೆ. ಕಸಬರಿಗೆಯನ್ನೂ ಬಿಡಲಿಲ್ಲ.

ಗಿರಿಜಾ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಕೇಳಿದಳು: "ಹೊಸಾದರ ಇತ್ತೇನ್ರಿ, ಕಸಬಾರಿಗಿ?"

"ಹೊಸಾದ ಇತ್ತವಾ."

"ಅಷ್ಟರ ಪುಣ್ಯಾ ಮಾಡೀರಿ." ನಕ್ಕಳೋ ಏನೋ, ತಿಳಿಯಲಿಲ್ಲ. "ದೇವ್ರ ಮಾರಿ ಮುಟ್ಟಾಕ ನನಗ ಅಂಜಿಕಿ ಬರ್ತಿತ್ತು, ವೈನಿ. ಅದರ ಹಿಂದಿನ ಕತ್ತಲದ ಚುಕ್ಕಿ ಮ್ಯಾಲ ಬೆರಳಿಟ್ಟು ದಿನಾ ನಾನ ಏಳುಕೋಟಿ ಅಂತಿದ್ದೆ. ಒಂದೊಂದಕ್ಕೂ."

ಅಂದು ನನ್ನ ಉಸಿರು ಹಗುರಾಯಿತು. ನಾನು ಖಾಲಿ ಬಿಟ್ಟಲ್ಲೇ ಆಕೆ ನಾಮ ತುಂಬಿದ್ದಳು — ಅದು ಆಕೆಯ ಭಕ್ತಿ, ನನ್ನದಲ್ಲ. ನನ್ನ "ಹೂಂ" ಸುಳ್ಳಾಗಿಯೇ ಉಳಿದಿದೆ. ಆದರೂ ಅದನ್ನು ಹೇಳುವಷ್ಟು ಬಾಯಿ ಕೊಟ್ಟನಲ್ಲ ದೇವರು, ಅಷ್ಟು ಕರುಣೆ ಸಾಕು.

ಈಗ ಹುಡುಗಿಯ ಪಕ್ಕ ನಾನೂ ಹೊಸ ಹಾಳೆ ಹಾಸಿಕೊಂಡಿದ್ದೇನೆ. ಒಂದೇ ನಿಬ್ಬು. ಈ ಸಲ ಹಿಂದಿನ ಕತ್ತಲಿನಿಂದಲೇ ಶುರು ಮಾಡಿದ್ದೇನೆ.