ಲೈಟ್ ಹಾಕಿದರೆ ಬಿಸಿಯಾಗುವ ಎಣ್ಣೆ

ನನ್ನ ಅಂಗಡಿ ಮದರಾಸಿನ ಏರ್‌ಪೋರ್ಟಿನ ಪಕ್ಕದ ಪಲ್ಲಾವರಂನಲ್ಲಿದೆ. ಇಳಿಯಲು ಬರುವ ವಿಮಾನಗಳು ನಮ್ಮ ತಲೆಯ ಮೇಲೆಯೇ ಹಾದುಹೋಗುತ್ತವೆ. ಆಗ ಮಾತು ನಿಲ್ಲಿಸಿ, ಸದ್ದು ದಾಟಿದ ಮೇಲೆ ಬಿಟ್ಟ ಜಾಗದಿಂದಲೇ ಮುಂದುವರಿಸುವುದು ಇಲ್ಲಿ ಎಲ್ಲರಿಗೂ ರೂಢಿ. ಕಾರಿನ ಹಾರ್ನ್ ರಿಪೇರಿ ಮಾಡಿದರೂ ವಿಮಾನ ಹೋಗುವವರೆಗೆ ಕಾದು ಒತ್ತಿ ನೋಡಬೇಕು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕಾರುಗಳ ವೈರಿಂಗ್ ಕಲಿತವನು ನಾನು. ನಾನು ಕಟ್ಟಿದ ವೈರಿಂಗನ್ನು ಮುಂದೆಂದೋ ಯಾರಾದರೂ ಬಿಚ್ಚಿದರೆ, ಇದನ್ನು ಕಟ್ಟಿದವನು ಯಾರಪ್ಪಾ ಎಂದು ಒಂದು ಸಲ ಕೇಳಬೇಕು. ಆ ಜಂಬ ನನಗಿದೆ, ಇಲ್ಲವೆನ್ನುವುದಿಲ್ಲ.

ಪೋರೂರಿನ ಸಾರ್ ಪರಿಚಯವಾದದ್ದೂ ಕಾರಿನಿಂದಲೇ. ಬ್ಯಾಂಕಿನಿಂದ ನಿವೃತ್ತರಾದವರು, ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇರುವ ಮಾಧ್ವರ ಮನೆಯವರು. ನಾನು ಹೆಂಡತಿಯ ಜೊತೆ ಫೋನಿನಲ್ಲಿ ಕೋಲಾರದ ಕಡೆಯ ಕನ್ನಡದಲ್ಲಿ ಮಾತಾಡುತ್ತಿದ್ದುದು ಕಿವಿಗೆ ಬಿದ್ದು, "ಅರೆ, ನಮ್ಮವರು!" ಎಂದರು. ಕಾರು ಸರಿಯಾದ ಮೇಲೂ ಹೊರಡದೆ ನಿಂತರು.

"ಇನ್ನೊಂದು ವಂಡಿ ಇದೆ ಮೇಸ್ತ್ರೀ. ಅದಕ್ಕೂ ವೈರಿಂಗ್ ಮಾಡ್ಕೊಡ್ತೀರಾ?"

"ಎಂಥ ವಂಡಿ ಸಾರ್?"

"ರೆಕ್ಕೆ ಇದೆ."

ತಮಾಷೆ ಎಂದುಕೊಂಡೆ. ಹೋಗಿ ನೋಡಿದರೆ ಮನೆಯ ಹಿಂದಿನ ಶೆಡ್ಡಿನಲ್ಲಿ ನಿಜವಾಗಿಯೂ ಇಬ್ಬರು ಕೂರುವ ವಿಮಾನ ನಿಂತಿತ್ತು. ಬಿಡಿಭಾಗಗಳ ಪೆಟ್ಟಿಗೆಗಳನ್ನು ತರಿಸಿಕೊಂಡು ಅವರೇ ವರ್ಷಗಟ್ಟಲೆ ಕೂತು ಜೋಡಿಸಿದ್ದು. ನಕ್ಷೆಯಲ್ಲಿ ಅವರು ಬೆರಳಿಟ್ಟು ತೋರಿಸಿದಂತೆ, ಭಾನುವಾರ ಭಾನುವಾರ ಹೋಗಿ, ಆ ವಿಮಾನದ ವೈರಿಂಗನ್ನು ನಾನು ಮುಗಿಸಿದೆ. ಎಂಜಿನ್ ಹತ್ತಿತು, ಲೈಟುಗಳು ಉರಿದವು, ಮೀಟರುಗಳ ಮುಳ್ಳುಗಳೆಲ್ಲ ಸರಿಯಾದ ಜಾಗದಲ್ಲಿ ನಿಂತವು. ಮನೆಗೆ ಬಂದು ಹೆಂಡತಿಗೆ, "ಇನ್ನು ಮೇಲೆ ನಿನ್ನ ಗಂಡ ಕಾರ್ ಎಲೆಕ್ಟ್ರಿಷಿಯನ್ ಮಾತ್ರ ಅಲ್ಲ" ಎಂದೆ. "ಮೊದಲು ಅಡಿಗೆಮನೆ ಟ್ಯೂಬ್‌ಲೈಟ್ ನೋಡಿ" ಎಂದಳು.

ಆಯುಧಪೂಜೆ ಮುಗಿದ ಮರುವಾರ ಸಾರ್ ಫೋನ್ ಮಾಡಿದರು. ದನಿ ಇಳಿದಿತ್ತು. "ಬನ್ನಿ ಮೇಸ್ತ್ರೀ. ಏನೋ ಎಡವಟ್ಟಾಗಿದೆ. ನನ್ನ ಸ್ನೇಹಿತರು ಬಂದಿದ್ದಾರೆ. ವೈರಿಂಗ್ ಪೂರ್ತಿ ಬಿಚ್ಚಿ ಹೊಸದಾಗಿ ಹಾಕಿಸಬೇಕು ಅಂತಿದ್ದಾರೆ."

ಪೂರ್ತಿ ಬಿಚ್ಚಬೇಕು! ಅರ್ಧ ಬಿಚ್ಚಿದ ಕಾರೊಂದು ಅಂಗಡಿಯಲ್ಲಿತ್ತು. ಅದನ್ನು ಹಾಗೆಯೇ ಬಿಟ್ಟು ಗಾಡಿ ಹತ್ತಿದೆ.

ಆ ಸ್ನೇಹಿತರು ದೊಡ್ಡ ವಿಮಾನಗಳನ್ನು ನೋಡಿಕೊಂಡು ನಿವೃತ್ತರಾದ ಎಂಜಿನಿಯರು, ತಮಿಳರು. ವಿಮಾನ ಹಾರುವ ಮೊದಲು ಅವರು ಸರಿ ಎನ್ನಬೇಕೆಂದು ಸಾರ್ ತಾವೇ ನಿಯಮ ಮಾಡಿಕೊಂಡಿದ್ದರು. ವಿಮಾನವನ್ನು ಅಂಗಳಕ್ಕೆ ತಂದು, ಚಕ್ರಗಳಿಗೆ ಅಡ್ಡ ಕೊಟ್ಟು, ಬಾಲವನ್ನು ಬೇವಿನ ಮರಕ್ಕೆ ಹಗ್ಗದಿಂದ ಕಟ್ಟಿದ್ದರು. ಮೂತಿಯ ಮೇಲೆ ಆಯುಧಪೂಜೆಯ ಚೆಂಡುಹೂವಿನ ಹಾರ ಒಣಗಿ ನೇತಾಡುತ್ತಿತ್ತು. ಶೆಡ್ಡಿನ ಬಾಗಿಲಲ್ಲಿ ಸಾರ್ ಅವರ ತಾಯಿ ಕುರ್ಚಿ ಹಾಕಿಕೊಂಡು ಹುರುಳಿಕಾಯಿ ಮುರಿಯುತ್ತಿದ್ದರು.

ಎಂಜಿನಿಯರು ಹಾರ ತೆಗೆಸಿ ಎಂಜಿನ್ ಹತ್ತಿಸಿದರು. ಸ್ಟಾರ್ಟ್ ಮಾಡಲು ಸೆಲ್ಫ್ ಹೊಡೆದಾಗಲೇ ನನಗೆ ಇರುಸುಮುರುಸಾಯಿತು. ನಿದ್ದೆಗಣ್ಣಿನಲ್ಲಿ ಎದ್ದವರ ಹಾಗೆ ಎಂಜಿನ್ ತಿರುಗಿ, ಆಮೇಲೆ ಹತ್ತಿಕೊಂಡಿತು. ಎಣ್ಣೆಯ ಬಿಸಿ ತೋರಿಸುವ ಮುಳ್ಳು ಸರಿಯಾಗಿಯೇ ಇತ್ತು. ಅವರು ಮುಂದಿನ ದೊಡ್ಡ ಲೈಟ್ ಹಾಕಿದರು. ಮುಳ್ಳು ಟಕ್ಕನೆ ಮೇಲೆ ಹಾರಿತು. ಲೈಟ್ ಆರಿಸಿದರು, ಮುಳ್ಳು ಇಳಿಯಿತು.

ಎಂಜಿನ್ ನಿಲ್ಲಿಸಿ ಅವರು ನನ್ನ ಕಡೆ ತಿರುಗಿದರು. "ಲೈಟ್ ಪೋಟ್ಟಾ ಆಯಿಲ್ ಸೂಡಾಗುದು! ಎಂಗೇಯಾವದು ಪಾತ್ತಿರುಕ್ಕೀಂಗಳಾ?"

ಲೈಟ್ ಹಾಕಿದರೆ ಎಣ್ಣೆ ಬಿಸಿಯಾಗುವುದನ್ನು ಎಲ್ಲಾದರೂ ನೋಡಿದ್ದೀರಾ ಎಂದು ಕೇಳಿದರೆ ಏನು ಹೇಳುವುದು? ಎಣ್ಣೆ ಬಿಸಿಯಾಗಿರಲಿಲ್ಲ, ಮುಳ್ಳು ಸುಳ್ಳು ಹೇಳುತ್ತಿತ್ತು. ಅದು ಅವರಿಗೂ ಗೊತ್ತು. ಆದರೆ ಸುಳ್ಳು ಹೇಳುವ ಮುಳ್ಳನ್ನು ನಂಬಿ ಮೇಲೆ ಹೋಗುವಂತಿಲ್ಲ. ಕಾರಾದರೆ ರಸ್ತೆ ಪಕ್ಕಕ್ಕೆ ನಿಲ್ಲಿಸಬಹುದು.

"ಒಂದು ಹೊತ್ತು ಟೈಮ್ ಕೊಡಿ ಸಾರ್," ಎಂದೆ. "ನನ್ನ ವೈರಿಂಗಲ್ಲಿ ತಪ್ಪು ಸಿಕ್ಕರೆ ನಾನೇ ಬಿಚ್ಚಿ ಕೊಡ್ತೀನಿ. ಬೇರೆಯವರು ಕೈ ಹಾಕೋದು ಬೇಡ."

ನನ್ನ ಒಂದೊಂದು ಜೋಡಣೆಯನ್ನೂ ಎಳೆದು, ಅಲುಗಾಡಿಸಿ ನೋಡಿದೆ. ಎಲ್ಲ ಬಿಗಿಯಾಗಿದ್ದವು. ಹೊತ್ತು ಏರಿತು, ಬನಿಯನ್ ಬೆನ್ನಿಗೆ ಅಂಟಿತು. ಸಾರ್ ಅವರ ಅಮ್ಮ ಊಟಕ್ಕೆ ಕರೆದರು. "ಆಮೇಲೆ," ಎಂದೆ.

"ಹೊಟ್ಟೆಗಿಲ್ದೆ ಹುಡುಕಿದ್ರೆ ಬೇಗ ಸಿಗತ್ತೇನಪ್ಪಾ?" ಎಂದು ಅವರು ಮತ್ತೆ ಹುರುಳಿಕಾಯಿಗೆ ಕೈ ಹಾಕಿದರು.

ಇಗ್ನಿಷನ್ ಆಫ್ ಮಾಡಿಸಿ, ಎಂಜಿನ್ ಹತ್ತದ ಹಾಗೆ ನೋಡಿಕೊಂಡು, ಸಾರ್ ಕೈಯಲ್ಲಿ ಮತ್ತೆರಡು ಸಲ ಸೆಲ್ಫ್ ಹೊಡೆಸಿದೆ. ಆಗ ಸುಟ್ಟ ಗ್ರೀಸಿನ ಸಣ್ಣ ವಾಸನೆ ಬಂತು. ಸೆಲ್ಫಿನ ವೈರು ತಣ್ಣಗಿತ್ತು. ಕೈ ಮುಂದೆ ಸರಿಸುತ್ತಾ ಹೋದೆ. ಬಿಸಿಯಾಗಿದ್ದುದು ವೈರಲ್ಲ, ಆಕ್ಸಿಲರೇಟರ್ ಕೇಬಲ್! ಕರೆಂಟ್ ಹೋಗಲೇಬಾರದ ಉಕ್ಕಿನ ಕೇಬಲ್ ಅದು.

"ಸಾರ್, ಇದನ್ನು ಮುಟ್ಟಿ ನೋಡಿ," ಎಂದು ಎಂಜಿನಿಯರನ್ನು ಕರೆದೆ.

ಮುಟ್ಟಿದವರ ಮುಖ ಬದಲಾಯಿತು. ಮೀಟರ್ ತಂದು, ಅದರ ಒಂದು ಕಡ್ಡಿಯನ್ನು ಎಂಜಿನ್ನಿಗೂ ಇನ್ನೊಂದನ್ನು ಅದರ ಹಿಂದೆ ವಿಮಾನದ ಮೈಗಿರುವ ತಗಡಿನ ಗೋಡೆಗೂ ಇಟ್ಟರು. ಎಂಜಿನ್ ರಬ್ಬರ್ ಮೇಲೆ ಕೂತಿರುತ್ತದೆ. ಅದರ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗಲು ಈ ಎರಡರ ನಡುವೆ ತಾಮ್ರದ ತಂತಿಗಳನ್ನು ಹೆಣೆದ ಒಂದು ದಪ್ಪ ಪಟ್ಟಿ ಇದೆ. ನಾವು ಅದಕ್ಕೆ ಅರ್ತ್ ಜಡೆ ಎನ್ನುತ್ತೇವೆ. ಸೆಲ್ಫ್ ಹೊಡೆದಾಗ ಮೀಟರ್ ಏರಿತು. ಜಡೆಯ ದಾರಿ ಕಟ್ಟಿಹೋಗಿ, ಕರೆಂಟ್ ಸಿಕ್ಕ ಕೇಬಲ್ ಹಿಡಿದು ನುಗ್ಗುತ್ತಿತ್ತು. ಮುಳ್ಳಿನ ಸುಳ್ಳಿಗೂ ಅದೇ ಕಾರಣ: ಲೈಟ್ ಹಾಕಿದರೆ ಅದರ ಕರೆಂಟೂ ಅದೇ ಕೆಟ್ಟ ದಾರಿ ಹಿಡಿದು ಮುಳ್ಳಿನ ಲೆಕ್ಕ ತಪ್ಪಿಸುತ್ತಿತ್ತು.

ಆದರೆ ಜಡೆ ಬಿಗಿಯಾಗಿತ್ತು, ನಾನು ಹಾಕಿದ ದಿನಕ್ಕಿಂತ ಹೆಚ್ಚು ಹೊಳೆಯುತ್ತಿತ್ತು. ಬೋಲ್ಟ್ ಬಿಚ್ಚಿದೆ. ಜಡೆಯ ತುದಿಯ ಬಿಲ್ಲೆ ಲೋಹಕ್ಕೆ ಕೂರುವ ಕಡೆ ಹಳದಿ ಬಣ್ಣದ ಗಟ್ಟಿ ಪದರ ಒಣಗಿ ಹಿಡಿದಿತ್ತು. ಇನ್ನೊಂದು ತುದಿಯಲ್ಲೂ ಅಷ್ಟೇ. ಪೇಂಟ್ ಎಂದರು ಎಂಜಿನಿಯರು. ನಾನು ಮೂಗಿನ ಹತ್ತಿರ ಹಿಡಿದೆ.

ಗಂಧ. ದೇವರಮನೆಯ ಗಂಧ.

ಸಾರ್ ನನ್ನನ್ನು ನೋಡಿದರು. ತಾಯಿಯ ಕಡೆ ಕಣ್ಣು ತಿರುಗಿಸಿ, ಬೇಡ ಎಂಬಂತೆ ತಲೆ ಅಲ್ಲಾಡಿಸಿದರು. "ಏನೋ ಪೇಸ್ಟ್ ಇರಬೇಕು," ಎಂದರು ಜೋರಾಗಿ.

ನನಗೆ ಸಿಟ್ಟು ಬಂತು. ಬೆಳಿಗ್ಗೆಯಿಂದ ನನ್ನ ಕೆಲಸಕ್ಕೆ ಅಂಟಿದ ಮಾತು, 'ಏನೋ ಪೇಸ್ಟ್' ಎಂದರೆ ಹೋಗುತ್ತದೆಯೇ? ತಪ್ಪು ನನ್ನದಲ್ಲ ಎಂದು ಎಂಜಿನಿಯರ ಕಿವಿಗೆ ಬೀಳಲೇಬೇಕು. ಆದರೆ ನಿಮ್ಮ ಪೂಜೆಯಿಂದ ಕೆಟ್ಟಿತು ಎಂದು ಆ ಹಿರಿಯ ಜೀವದ ಎದುರು ಹೇಗೆ ಹೇಳಲಿ? ನನ್ನ ಅಂಗಡಿಯಲ್ಲೂ ಸ್ಪ್ಯಾನರಿನಿಂದ ಹಿಡಿದು ಬ್ಯಾಟರಿವರೆಗೆ ಬೊಟ್ಟು ಇಟ್ಟು ಕೈಮುಗಿದವನು ನಾನು. ಜಡೆಯ ಬಿಲ್ಲೆಯನ್ನು ಬೆರಳಲ್ಲಿ ತಿರುಗಿಸಿ ತಿರುಗಿಸಿ ನೋಡಿದೆ.

"ಏನದು ಕಣ್ಸನ್ನೆ? ಇಲ್ಲಿ ಕೊಡು ಅದನ್ನ," ಎಂದರು ಅಮ್ಮ.

ಕೊಟ್ಟೆ. ಕನ್ನಡಕ ಏರಿಸಿ ನೋಡಿ, ಮೂಸಿದರು. "ನಾನು ತೇಯ್ದ ಗಂಧ ಕಣಪ್ಪಾ ಇದು. ಹಬ್ಬದ ದಿನ ಪೂಜೆಗೆ ಅಂತ ಇವನೇ ಬಿಚ್ಚಿ, ಹುಣಸೆಹಣ್ಣು ಹಾಕಿ ತಿಕ್ಕಿ, ಫಳಫಳ ಮಾಡಿ ಹರಿವಾಣದಲ್ಲಿ ತಂದಿಟ್ಟ. ಜಡೆ ಥರ ಚೆನ್ನಾಗಿದೆ ಅಂತ ಎರಡೂ ಕಡೆ ಧಾರಾಳವಾಗಿ ಹಚ್ಚಿದೆ." ಆಮೇಲೆ ಮಗನ ಕಡೆ ತಿರುಗಿದರು. "ಯಾಕೋ, ವಾಪಸ್ ಹಾಕೋವಾಗ ಒರೆಸಲಿಲ್ವಾ?"

"ಪ್ರಸಾದ ಅಲ್ವೇನಮ್ಮಾ, ಹೇಗೆ ಒರೆಸೋದು ಅಂತ ಹಾಗೇ ಬಿಗಿದುಬಿಟ್ಟೆ..."

"ಪ್ರಸಾದ ಅಂತ ಕಣ್ಣೊಳಗೆ ಹಾಕ್ಕೋತೀಯಾ? ಪೂಜೆ ಮಾಡಿದ ತಟ್ಟೇನೂ ತೊಳೆದೇ ಅಲ್ವೇನೋ ಊಟ ಮಾಡೋದು? ಪಾಪ, ಈ ಮನುಷ್ಯ ಬೆಳಿಗ್ಗೆಯಿಂದ ಉಪವಾಸ ಒದ್ದಾಡ್ತಿದ್ದಾನೆ!"

ಎಂಜಿನಿಯರಿಗೆ ಅರ್ಧ ಕನ್ನಡ ಅರ್ಥವಾಗಿತ್ತು. ಉಳಿದರ್ಧವನ್ನು ಸಾರ್ ತಮಿಳಿನಲ್ಲಿ ನಾಚಿಕೊಂಡು ಹೇಳಿದರು. ಎಂಜಿನಿಯರು ನಕ್ಕ ನಗೆಗೆ ಪಕ್ಕದ ಮನೆಯವರು ಬಾಲ್ಕನಿಗೆ ಬಂದು ನೋಡಿದರು. ನಾನೂ ನಕ್ಕೆ. ಎದೆಯ ಮೇಲಿಂದ ಗ್ಯಾಸ್ ಸಿಲಿಂಡರ್ ಇಳಿಸಿದ ಹಾಗಾಯಿತು.

ಜಡೆಯ ಎರಡೂ ತುದಿ ತೊಳೆದು, ಮರಳು ಕಾಗದದಿಂದ ಉಜ್ಜಿ, ನಾನೇ ಬಿಗಿದೆ. ಬಿಸಿಯಾಗಿದ್ದ ಕೇಬಲನ್ನು ಬದಲಾಯಿಸಲೇಬೇಕು ಎಂದು ಎಂಜಿನಿಯರು ಹೇಳಿ, ಆ ವಾರವೇ ಹೊಸದು ತರಿಸಿದರು. ಹೊಸ ಕೇಬಲ್ ಹಾಕಿದ ದಿನ ಸೆಲ್ಫ್ ಹೊಡೆದರೆ ಎಂಜಿನ್ ಒಂದೇ ಏಟಿಗೆ ಎದ್ದಿತು. ಲೈಟ್ ಹಾಕಿದರು. ಮುಳ್ಳು ಅಲುಗಲಿಲ್ಲ. ಆರಿಸಿದರು, ಮತ್ತೆ ಹಾಕಿದರು. ಊಹೂಂ.

ಎಂಜಿನಿಯರು ಟಾರ್ಚ್ ಹಿಡಿದು ನನ್ನ ವೈರಿಂಗನ್ನು ಆ ತುದಿಯಿಂದ ಈ ತುದಿಯವರೆಗೆ ಮತ್ತೊಮ್ಮೆ ನೋಡಿದರು. ಸೈಲೆನ್ಸರಿನ ಹತ್ತಿರ ಒಂದು ವೈರನ್ನು ಇನ್ನೊಂದು ಗೇಣು ದೂರ ಕಟ್ಟಿ ಎಂದರು. ಎದುರುತ್ತರ ನಾಲಿಗೆಯ ತುದಿಗೆ ಬಂದಿತ್ತು, ಆದರೆ ಮಾತು ಸರಿಯಾಗಿತ್ತು. ಕಟ್ಟಿದೆ. ಆಮೇಲೆ ಅವರು ಸಾರ್ ಕಡೆ ತಿರುಗಿ, "ಎಡುಕ್ಕ ವೇಂಡಾಂ," ಎಂದರು. ವೈರಿಂಗ್ ತೆಗೆಯುವುದು ಬೇಡ.

ಈಗ ಆ ವಿಮಾನ ಊರಾಚೆಯ ಸಣ್ಣ ರನ್‌ವೇಯಲ್ಲಿದೆ, ನನ್ನ ವೈರಿಂಗ್ ಹೊತ್ತುಕೊಂಡೇ ಹಾರುತ್ತದೆ. ಮರುವರ್ಷದ ಆಯುಧಪೂಜೆಗೆ ಅಮ್ಮ ಗಂಧದ ಬಟ್ಟಲು ಹಿಡಿದು ಕಾರಿನಲ್ಲಿ ಅಲ್ಲಿಗೇ ಬಂದಿದ್ದರು. ನನ್ನನ್ನೂ ಕರೆಸಿದ್ದರು.

"ಎಲ್ಲಿ ಹಚ್ಚಲಪ್ಪಾ, ನೀನೇ ಹೇಳು."

ಎಂಜಿನ್ನಿನ ಮುಚ್ಚಳದ ಮೇಲೆ, ಹೊರಗಡೆ, ಒಂದು ಜಾಗ ತೋರಿಸಿದೆ. ಬೊಟ್ಟಿಟ್ಟರು. ಆಮೇಲೆ ಮಗನ ಕೈ ನೋಡಿದರು. "ಇವನು ಏನನ್ನೂ ಬಿಚ್ಚಿಲ್ಲ ತಾನೇ?"